ಹಾಲುಕ್ಕಿಸಿದ ಸೆಟ್ ಮನೆ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಇದು ನಾನೇ ಕೈಯಾರೆ ಕಟ್ಟಿದ ಮನೆಯಲ್ಲಿ ನಡೆದದ್ದು. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ.

ನಾನು ಬಡಗಿ. ದುಬೈಯ ರಾಸ್ ಅಲ್ ಖೋರ್‌ನ ವರ್ಕ್‌ಶಾಪೊಂದರಲ್ಲಿ ಸಿನಿಮಾ ಸೆಟ್ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಅಲ್ ಐನ್ ಆಚೆಯ ಮರಳಿನಲ್ಲಿ ಒಂದು ಮರದ ಮನೆ ಎಬ್ಬಿಸಿದೆವು. ಯಾರೂ ಇಲ್ಲದ ಸೀಮೆಗೆ ಹೋಗಿ ಬೇರೂರುವ ಕುಟುಂಬದ ಕಥೆಯಂತೆ. ಹಿಂದಿನ ಗೋಡೆ ಇಲ್ಲ, ಅಲ್ಲಿ ಕ್ಯಾಮೆರಾ. ಒಳಗೊಂದು ತೊಟ್ಟಿಲು, ಒಂದು ಒಲೆ; ಒಲೆಯೂ ಪ್ಲೈವುಡ್ಡಿನದು. ಬಾಗಿಲಿಗೆ ಚಿಲಕವೂ ಇಲ್ಲ.

ಆದರೂ ಊರಿನ ಅಭ್ಯಾಸ ಬಿಡುತ್ತದೆಯೇ? ಹೊಸ ಮನೆ ಅಂದಮೇಲೆ ಗ್ಯಾಸ್ ಸ್ಟೌ ತಂದು ಒಳಗೆ ಹಾಲು ಉಕ್ಕಿಸಿದೆ.

"ಇದ್ರಲ್ಲಿ ಒಕ್ಕಲಾಗುವವರು ಯಾರು ಮಾರಾಯ?" ಕಾವಲಿಗಿದ್ದ ಹಮೀದ್ ಕಾಕ ನಕ್ಕರು. ಅವರೂ ನಮ್ಮ ಮಂಗಳೂರಿನ ಕಡೆಯವರೇ.

ಮರುದಿನದಿಂದ ಆ ಮನೆಯ ತೊಟ್ಟಿಲು ಜಾಗ ಬದಲಿಸತೊಡಗಿತು! ಶೂಟಿಂಗಿನಲ್ಲಿ ಒಂದು ಚಮಚ ಸರಿದರೂ ರಾದ್ಧಾಂತ. "ಇನ್ನೊಮ್ಮೆ ಹೀಗಾದ್ರೆ ಆ ಕಾವಲಿನ ಮುದುಕ ಖಲಾಸ್, ವೀಸಾ ಕ್ಯಾನ್ಸಲ್" ಎಂದರು ಮ್ಯಾನೇಜರ್. ನನಗೂ ಕಾಕನ ಮೇಲೇ ಗುಮಾನಿ. ಚಳಿಗೆ ಒಳಗೆ ಹೋಗಿ ಮಲಗುತ್ತಾರೆ, ಮತ್ತೇನು...

ಆ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮನೆಯ ಹೊರಗೆ ಅವರ ಪಕ್ಕದಲ್ಲೇ ಕೂತೆ.

"ನನ್ನ ಮೇಲೆ ಸಂಶಯವಾ ನಿಂಗೆ?"

"ಹಾಗೆಂತ ಇಲ್ಲ ಕಾಕ." ಇತ್ತು.

ಆಗ ಬಂತು ವಾಸನೆ... ಹಾಲು ಉಕ್ಕಿ ಸೀದ ವಾಸನೆ. ಹಿಂದೆಯೇ ತೊಟ್ಟಿಲು ಕಿರುಗುಟ್ಟಿತು. ಕಾಕ ನನ್ನ ಮುಂಗೈ ಬಿಗಿಯಾಗಿ ಹಿಡಿದರು.

"ನಾನು ಇಲ್ಲೇ ಇದ್ದೇನಲ್ಲ? ನೋಡಿದ್ಯಲ್ಲ ನೀನು?"

ಟಾರ್ಚ್ ಹಿಡಿದು ಗೋಡೆಯಿಲ್ಲದ ಕಡೆಯಿಂದ ಒಳಗೆ ಹೋದೆವು. ನರಪಿಳ್ಳೆಯೂ ಇಲ್ಲ. ತೊಟ್ಟಿಲು ಒಲೆಯ ಹತ್ತಿರ ಬಂದಿತ್ತು. ಪ್ಲೈವುಡ್ ಒಲೆ ಮುಟ್ಟಿದೆ... ಬಿಸಿ!

ಇದನ್ನು ಮ್ಯಾನೇಜರ್ ನಂಬುತ್ತಾರೆಯೇ? ಬೆಳಿಗ್ಗೆ "ರಿಪೇರಿಗೆ ನಾನೇ ಸರಿಸಿದ್ದು, ಇಷ್ಟು ದಿನವೂ" ಎಂದೆ. ಹೊಟ್ಟೆ ತುಂಬ ಬೈಗುಳ ತಿಂದೆ. ಕಾಕನ ಕೆಲಸ ಉಳಿಯಿತು.

ಶೂಟಿಂಗ್ ಮುಗಿದ ಸಂಜೆ ಮನೆ ಕಳಚುವ ಕೆಲಸವೂ ನನ್ನ ತಲೆಗೇ ಬಂತು.

"ಒಕ್ಕಲು ಕರೆದದ್ದು ನೀನು. ಒಂದು ಮಾತು ಹೇಳಿಯೇ ಕೀಳು" ಎಂದರು ಕಾಕ. ಅವರ ಮುಖದಲ್ಲಿ ನಗು ಇರಲಿಲ್ಲ.

ಬಾಗಿಲು ತಟ್ಟಿ, "ಬೇಜಾರು ಮಾಡ್ಬೇಡಿ, ಮನೆ ತೆಗಿತೇವೆ" ಎಂದೆ.

ಒಳಗಿನಿಂದ ಯಾರೋ ಚಿಲಕ ಹಾಕಿಕೊಂಡರು... ತಳ್ಳಿದೆ. ನಾನು ಚಿಲಕವೇ ಇಡದ ಆ ಬಾಗಿಲು ಅಲುಗಲಿಲ್ಲ. ಗೋಡೆಯಿಲ್ಲದ ಕಡೆಗೆ ಸುತ್ತಿ ಹೋಗಿ ನೋಡುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮರುದಿನ ಬೇರೆ ಬಡಗಿಗಳು ಕಳಚಿದರು. ಒಳಗಿದ್ದವರು ಎಲ್ಲಿಗೆ ಹೋದರೋ! ಅವರನ್ನು ಕರೆದವನು ನಾನೊಬ್ಬನೇ ಅಲ್ಲವೇ? ಅಂದಿನಿಂದ ನನಗೆ ಹಾಲಿಲ್ಲದ ಸುಲೈಮಾನಿ ಚಹಾವೇ ಗತಿ. ನನ್ನ ರೂಮಿನಲ್ಲಿ ನಾನು ಹಾಲು ಕಾಯಿಸುವುದಿಲ್ಲ.