ಕರುಣಾಕರನ ಹಾರ್ನ್

ಪರ್ಕಳದ ಕರುಣಾಕರನ ವ್ಯಾನಿನ ಹಾರ್ನ್‌ಗೆ ಮೂರು ಸ್ವರ. ಮನೆ ಮುಂದೆ ಅದನ್ನು ಬಾರಿಸಿದರೆ ಹೆಂಡತಿ ರತ್ನಾವತಿ, "ನನಗೆ ಕಿವಿ ಉಂಟು" ಎಂದು ಗೊಣಗುತ್ತಾ ಬುತ್ತಿ ತರುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಮಣಿಪಾಲದಿಂದ ಜನರನ್ನು ತುಂಬಿಸಿಕೊಂಡು, ಕಾರ್ಕಳ ದಾಟಿ ಕುದುರೆಮುಖದ ಕಾಡು ತೋರಿಸುವುದು ಅವನ ಕಸುಬು. ಬಂದವರು ಪ್ರಾಣಿ ಕಾಣದೆ ಮರಳಿದರೆ ಅವನಿಗೆ ಮರ್ಯಾದೆಯ ಪ್ರಶ್ನೆ. ಕಾಡಿಗೆ ಇವನೇ ಧಣಿ ಎಂಬಂತೆ.

ಘಾಟಿಯ ಒಂದು ಕುರುಡು ತಿರುವಿನಲ್ಲಿ ಸಿಂಗಳೀಕಗಳ ಗುಂಪು ಉಂಟು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಎಲ್ಲ ಡ್ರೈವರುಗಳಂತೆ ಇವನೂ ಅಲ್ಲಿ ಹಾರ್ನ್ ಹೊಡೆಯುತ್ತಿದ್ದ. ಆಮೇಲೆ ನಿಲ್ಲಿಸಿ, ರತ್ನಾವತಿ ಕಟ್ಟಿಕೊಟ್ಟ ಬನ್ಸ್ ಎಸೆಯುತ್ತಿದ್ದ. ಮರದ ತುದಿ ಬಿಟ್ಟು ಇಳಿಯದ ಮಂಗಗಳು ಬರಬರುತ್ತಾ ಹಾರ್ನ್ ಕೇಳಿದೊಡನೆ ರಸ್ತೆಗೆ ಬರತೊಡಗಿದವು. ಜನ ಚಪ್ಪಾಳೆ ತಟ್ಟಿದರು, ಇವನ ಎದೆ ಉಬ್ಬಿತು.

ಎರಡು ಬೇಸಗೆಯ ಹಿಂದೆ ಯಾವುದೋ ಕಾರು ಅಲ್ಲಿ ಹಾರ್ನ್ ಹೊಡೆಯಿತು, ಮಂಗಗಳು ಇಳಿದವು. ಹಿಂದಿನಿಂದ ಬಂದ ಕರುಣಾಕರ ಕಂಡದ್ದು ಡಾಮರಿನ ಮೇಲೆ ಸತ್ತ ಮರಿಯನ್ನು, ಅದನ್ನು ಎಬ್ಬಿಸಲು ನೋಡುತ್ತಿದ್ದ ಕಿವಿ ಹರಿದ ತಾಯಿಯನ್ನು.

ಅಂದಿಗೆ ಬನ್ಸ್ ನಿಂತಿತು. ಹಾರ್ನ್ ನಿಲ್ಲಿಸುವುದು ಹೇಗೆ? ಹೊಡೆದರೆ ಮಂಗ ಇಳಿಯುತ್ತದೆ, ಹೊಡೆಯದಿದ್ದರೆ ಎದುರಿನ ಬಸ್ಸು ಮೈಮೇಲೆ ಬರುತ್ತದೆ. "ಎಂತ ಮಾಡುವುದು ಮಾರಾಯ್ರೇ?" ಎಂದು ಪಕ್ಕದ ಮನೆಯ ನನ್ನನ್ನು ಕೇಳಿದ. ತೆಂಗಿನಕಾಯಿ ವ್ಯಾಪಾರದವನು ನಾನು, ಅರಣ್ಯ ಇಲಾಖೆಗೆ ಹೇಳು ಎಂದೆ. ಆಹಾರ ಕೊಡಬೇಡಿ ಎಂಬ ಬೋರ್ಡು ಬಂತು. ಮಂಗಗಳಿಗೆ ಓದಲು ಬರುವುದಿಲ್ಲ, ಬರುವವರು ಓದುವುದಿಲ್ಲ.

ಈ ಡಿಸೆಂಬರಿನಲ್ಲಿ ಕಾಪುವಿನ ನೆಂಟರೊಂದಿಗೆ ನಾನೂ ಹೋದೆ. ತಿರುವಿಗೆ ಮೊದಲೇ ಕರುಣಾಕರ ವ್ಯಾನನ್ನು ಬದಿಗೆ ನಿಲ್ಲಿಸಿದ. ಎದುರಿನಿಂದ ಏನಾದರೂ ಬರುತ್ತಿದೆಯೇ ಎಂದು ನೋಡಲು ನಡೆದೇ ಮುಂದೆ ಹೋದ. ಹಾರ್ನ್ ಹೊಡೆಯದಿರಲು ಅವನು ಕಂಡುಕೊಂಡ ದಾರಿ ಅದು. ನಾನೂ ಹಿಂದೆಯೇ ಹೋದೆ. ಅಷ್ಟರಲ್ಲಿ ಆಚೆಯಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಮೊದಲು ಇಳಿದದ್ದು ಹರಿದ ಕಿವಿಯ ಆ ತಾಯಿ. ಹೊಟ್ಟೆಗೆ ಹೊಸ ಮರಿ ಅಂಟಿಕೊಂಡಿತ್ತು.

"ಪೋ, ಪೋ" ಎಂದು ಕರುಣಾಕರ ಎರಡೂ ಕೈ ಬೀಸಿ ಓಡಿಸಲು ನೋಡಿದ. ಬನ್ಸ್ ಎಸೆಯುತ್ತಿದ್ದ ಕೈ ಅದು. ತಾಯಿ ಓಡಲಿಲ್ಲ, ನೇರ ಅವನ ಕಡೆಗೇ ಬಂದು ರಸ್ತೆಯ ನಡುವೆ ಕೂತು ಕೈ ಚಾಚಿತು.

ಲಾರಿ ಹೇಗೋ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ನಿಮ್ಮ ಗುರ್ತ ಉಂಟಲ್ವಾ ಇದಕ್ಕೆ?" ಎಂದು ನಕ್ಕು ಬಾಳೆಹಣ್ಣು ಎಸೆದ.

"ಹಾಕಬೇಡಿ" ಎಂದ ಕರುಣಾಕರನ ಸ್ವರ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ತಾಯಿ ಹಣ್ಣು ಸುಲಿಯತೊಡಗಿತು. ಇವನು ಹೋಗಿ ಅದಕ್ಕೂ ಲಾರಿಗೂ ನಡುವೆ ನಿಂತ.

ಆಗ ನಮ್ಮ ವ್ಯಾನಿನ ಹಿಂದಿನಿಂದ ಇನ್ನೊಂದು ಹಾರ್ನ್ ಕೇಳಿತು. ಮರಿ ತಾಯಿಯ ಹೊಟ್ಟೆ ಬಿಟ್ಟು ಇಳಿದು, ಆ ಸದ್ದಿನ ಕಡೆಗೆ ಹೊರಟಿತು. ಲಾರಿಗೆ ಅಡ್ಡ ನಿಂತವನು ಅಲ್ಲೇ ನಿಲ್ಲಬೇಕೋ, ಇತ್ತ ಓಡಬೇಕೋ ತಿಳಿಯದೆ ನನ್ನ ಮುಖ ನೋಡಿದ.