ಮಲ್ಲಣ್ಣ ಆ್ಯಪ್ ‘ತಗದ’ ದಿನ

"ಆ್ಯಪ್ ತಗದೀನ್ರಿ" ಅಂತ ಭಾನುವಾರ ಬೆಳಗ್ಗೆ ನಮ್ಮ ಗ್ರೂಪಿನಲ್ಲಿ ಮೆಸೇಜ್ ಬಂತು.

ಕೂಕಟ್‌ಪಲ್ಲಿಯ ನನ್ನ ಫ್ಲ್ಯಾಟಿನಲ್ಲಿ ಕೂತು ನಾನೇ ಶುರು ಮಾಡಿದ ಗ್ರೂಪ್ ಅದು. ಯಾವ ಕಂಪನಿಯ ಹಂಗೂ ಇಲ್ಲದೆ ಸ್ವಂತ ಆ್ಯಪ್ ಮಾಡುವ ಹೈದರಾಬಾದಿನ ಕನ್ನಡದವರಿಗೆ. ಮಾತೆಲ್ಲ ಕನ್ನಡದಲ್ಲೇ ಆಗಬೇಕು ಅನ್ನೋದೂ ನನ್ನದೇ ರೂಲ್.

ಮೆಸೇಜ್ ಹಾಕಿದವರು ರಾಯಚೂರು ಕಡೆಯ ಮಲ್ಲಣ್ಣ. ನಾಚಾರಂನ ಫ್ಯಾಕ್ಟರಿಯೊಂದರಲ್ಲಿ ಮಷಿನ್ ರಿಪೇರಿ ನೋಡಿಕೊಳ್ತಾರೆ. ಯಾವ ಮಷಿನ್‌ಗೆ ಯಾವಾಗ ಎಣ್ಣೆ ಬಿಡಬೇಕು ಅಂತ ನೆನಪಿಸುವ ಆ್ಯಪ್ ಒಂದನ್ನು, ಕೋಡಿಂಗ್ ತಾವೇ ಕಲಿತು, ವರ್ಷವಿಡೀ ಕೂತು ಮಾಡಿದ್ದರು. ಗುರುತಿಲ್ಲದ ಒಬ್ಬರಾದರೂ ಅದನ್ನು ಬಳಸಿ ನೋಡಬೇಕು... ಅಷ್ಟೇ ಅವರ ಆಸೆ.

ಅಂಥದ್ದನ್ನು ತೆಗೆದೇ ಹಾಕಿಬಿಟ್ಟರಲ್ಲ ಅಂದುಕೊಂಡೆ.

ನಾನು ಮೈಸೂರಿನವಳು, ಸಮಾಧಾನ ಹೇಳೋದರಲ್ಲಿ ಎತ್ತಿದ ಕೈ. ಸೋಲು ಸಹಜ, ಧೈರ್ಯಗೆಡಬೇಡಿ ಅಂತ ಉದ್ದಕ್ಕೆ ಬರೆದೆ. ಗ್ರೂಪಿನಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು ಕಡೆಯವರೇ; ನನ್ನ ಹಿಂದೆ ಸಾಲಾಗಿ ಬಂದು ಕೈಮುಗಿದರು. ಒಬ್ಬರಂತೂ ಅಳುವ ಮುಖ ಹಾಕಿದರು.

ಸಂಜೆ ನೋಡಿದರೆ ಮಲ್ಲಣ್ಣ ಗ್ರೂಪನ್ನೇ ಬಿಟ್ಟು ಹೋಗಿದ್ದಾರೆ...

ಫೋನ್ ಮಾಡಿದೆ. ಎತ್ತಿದವರೇ ಕೇಳಿದರು, "ಮೇಡಂ, ಅಂಗಡಿ ತಗದವ್ರಿಗೆ ಯಾರರ ಸಮಾಧಾನ ಹೇಳ್ತಾರೇನ್ರಿ?"

ಆಗ ಹೊಳೀತು. ಅವರು ತಗದೀನಿ ಅಂದದ್ದು ತೆರೆದಿದ್ದೀನಿ ಅಂತ! ಬಾಗಿಲು ತೆಗಿ ಅಂತ ನಾವೂ ದಿನಾ ಅಂತೀವಿ, ಆದರೂ ತಲೆಗೆ ಹೋಗಲಿಲ್ಲ.

ಮೆಸೇಜಿನ ಕೆಳಗೇ ಲಿಂಕ್ ಇತ್ತು. ನಾನೂ ಸೇರಿ ಒಬ್ಬರೂ ಅದನ್ನು ಒತ್ತಿರಲಿಲ್ಲ. ನಿಜಕ್ಕೂ ನಾಚಿಕೆಯಾಯ್ತು.

ಫೋನ್ ಇಡದೆ, ಆಗಲೇ ಆ್ಯಪ್ ಹಾಕಿಕೊಂಡೆ. ನನ್ನ ಮನೇಲಿ ಎಣ್ಣೆ ಕೇಳುವ ಮಷಿನ್ ಅಂದರೆ ಅಮ್ಮ ಕೊಟ್ಟ ಹೊಲಿಗೆ ಮಷಿನ್ ಒಂದೇ. ಅದನ್ನೇ ಸೇರಿಸಿದೆ.

ಕೊನೇ ಸಲ ಎಣ್ಣೆ ಬಿಟ್ಟದ್ದು ಯಾವಾಗ ಅಂತ ಆ್ಯಪ್ ಕೇಳ್ತು. ನೆನಪೇ ಇಲ್ಲ ಅಂದೆ. ಆ ಕಡೆ ಮಲ್ಲಣ್ಣ ನಕ್ಕುಬಿಟ್ಟರು.

"ಹಂಗಾರ ಇವತ್ತ ಬಿಡ್ರಿ" ಅಂದರು.

ಮಲ್ಲಣ್ಣ ವಾಪಸ್ ಬಂದಿದ್ದಾರೆ. ಗ್ರೂಪಿಗೆ ಹೊಸ ರೂಲೂ ಬಂದಿದೆ: ಮೊದಲು ಲಿಂಕ್ ಒತ್ತಿ, ಆಮೇಲೆ ಮಾತು. ಈಗ ಬೆಂಗಳೂರಿನವರೂ ಲಾಂಚ್ ಅನ್ನೋದು ಬಿಟ್ಟು "ತಗದೀನ್ರಿ" ಅಂತಲೇ ಬರೀತಾರೆ. ಈ ಗ್ರೂಪ್ ಉಳಿಯುತ್ತೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ನೀವೇನಾದರೂ ತಗದೀರೇನ್ರಿ? ಹೇಳಿ... ಈ ಸಲ ಸಮಾಧಾನ ಹೇಳೋದಿಲ್ಲ, ಒಳಗೆ ಬರ್ತೀವಿ.