ಜುಟ್ಟು ಸಿಕ್ಕಿಸಿ ಹೋಗುತ್ತಿದ್ದ ಕಳ್ಳ

ಆ ಹಳೆಯ ಕಳ್ಳತನದ ಸಿನಿಮಾದ ಮೇಲೆ ನನಗಿನ್ನೂ ಸಿಟ್ಟಿದೆ. ಸೂಟು ತೊಟ್ಟ ಕಳ್ಳ ಮುತ್ತಿನ ಹಾರ ಎಗರಿಸುತ್ತಾನೆ. ಹಿಡಿಯಲು ಬಂದ ಹೆಣ್ಣು ಅವನ ಜೊತೆಗೇ ಕುಣಿಯುತ್ತಾಳೆ. ಎರಡು ಗಂಟೆ ಬೆನ್ನಟ್ಟಿದರೂ ಯಾರಿಗೂ ಒಂದು ಗೀರು ಬೀಳುವುದಿಲ್ಲ. ಮೊಬೈಲಿನಲ್ಲಿ ಅದನ್ನು ಮೂರು ಸಲ ನೋಡಿ, ಆ ಹೆಣ್ಣು ನಾನೇ ಎಂದುಕೊಂಡು ತಲೆ ಕೆಡಿಸಿಕೊಂಡಿದ್ದೆ.

ಆ ವರ್ಷವೇ ಹುಬ್ಬಳ್ಳಿ ಕಡೆಯ ನಮ್ಮ ಹಳ್ಳಿ ಇಂದೂರಿನಲ್ಲಿ, ನಮ್ಮ ಅನಾನಸು ತೋಟಕ್ಕೆ ಕಳ್ಳ ಬಿದ್ದ. ವಾರಕ್ಕೊಂದೇ ಹಣ್ಣು. ಹಣ್ಣು ಕೊಯ್ದು, ಅದರ ಜುಟ್ಟನ್ನು ಮಾತ್ರ ಒಂದು ಕಡ್ಡಿ ಚುಚ್ಚಿ ಗಿಡದ ಮೇಲೆ ಮೊದಲಿದ್ದಂತೆಯೇ ನಿಲ್ಲಿಸಿ ಹೋಗುತ್ತಿದ್ದ. ದೂರದಿಂದ ನೋಡುವ ಅಪ್ಪನಿಗೆ ಸಾಲು ತುಂಬಿದಂತೆಯೇ ಕಾಣುತ್ತಿತ್ತು. ಕಳ್ಳ ಯಾರೆಂದು ನನಗೆ ಗೊತ್ತಿತ್ತು. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವನು, ಕೆಸರಿನಲ್ಲೂ ಇಸ್ತ್ರಿ ಅಂಗಿ ಹಾಕುವವನು.

"ನಿಮ್ಮ ಹಣ್ಣು ಭಾಳ ರುಚಿ ಅಂತಲ್ಲ," ಎಂದ ಒಮ್ಮೆ ಬದುವಿನ ಮೇಲೆ ಎದುರಾಗಿ.

"ಸಿಕ್ಕರ ಬಿಡಂಗಿಲ್ಲ," ಎಂದೆ.

"ಹಿಡದು ತೋರಸು."

ಮರುವಾರ ಜುಟ್ಟಿನ ಪಕ್ಕ ಒಂದು ಹೇರ್ ಕ್ಲಿಪ್ ಇತ್ತು. ನಾನು ಹಣ್ಣಾದ ಅನಾನಸಿನ ಕೆಳಗೆ ಉಪ್ಪುಖಾರದ ಪೊಟ್ಟಣ ಇಟ್ಟೆ.

ಅವನನ್ನು ಹಿಡಿದು ಎದುರು ನಿಂತು ನಗಬೇಕು, ಅಷ್ಟೇ ನನ್ನ ಆಸೆ. ಹಂದಿಗೆಂದು ಅಪ್ಪ ಮಾಡಿಟ್ಟಿದ್ದ ಬ್ರೇಕ್ ವೈರಿನ ಉರುಳನ್ನು ಆ ಸಾಲಿನಲ್ಲಿ ನಾನೇ ಕಟ್ಟಿದೆ. ಹಂದಿಯ ಕಾಲಿಗೆ ಅದು ಏನು ಮಾಡುತ್ತದೆಂದು ಕಣ್ಣಾರೆ ಕಂಡವಳು ನಾನು. ಆದರೂ ಕಟ್ಟಿದೆ.

ಬೆಳಗ್ಗೆ ಚೀರಾಟ ಕೇಳಿತು. ನಾನು ನಕ್ಕೆ. ಕನ್ನಡಿ ನೋಡಿಕೊಂಡು, ಅವನ ಕ್ಲಿಪ್ಪನ್ನೇ ತಲೆಗೆ ಸಿಕ್ಕಿಸಿಕೊಂಡು ಹೊರಟೆ.

ಅಷ್ಟರಲ್ಲಿ ಅಪ್ಪ ಅಲ್ಲಿಗೆ ಮುಟ್ಟಿದ್ದ. ಬಡಿಗೆಯಿಂದ ಬಾರಿಸುತ್ತಿದ್ದ. ಪ್ರತಿ ಏಟಿಗೂ ಉರುಳಿಗೆ ಸಿಕ್ಕವನು ಹಿಂದೆ ಜಗ್ಗುತ್ತಿದ್ದ, ಜಗ್ಗಿದಷ್ಟೂ ವೈರು ಕಾಲೊಳಗೆ ಇಳಿಯುತ್ತಿತ್ತು. ಎಲುಬು ಕಾಣುತ್ತಿತ್ತು. "ಯಪ್ಪಾ ಬಿಡು, ಸಾಯ್ತಾನ," ಎಂದು ಅಪ್ಪನ ಮುಂಗೈ ಕಚ್ಚಿದೆ. ನನ್ನ ಬೆನ್ನಿಗೂ ಎರಡು ಬಿದ್ದವು. ಉರುಳು ಬಿಚ್ಚಲು ಹೋದರೆ ಬೆರಳು ರಕ್ತದಲ್ಲಿ ಜಾರುತ್ತಿದ್ದವು. ಇಸ್ತ್ರಿ ಅಂಗಿಯ ತೋಳನ್ನು ಬಾಯಲ್ಲಿ ಕಚ್ಚಿಕೊಂಡು ಅವನು ನನ್ನನ್ನೇ ನೋಡುತ್ತಿದ್ದ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನ ಪಾದ ಕತ್ತರಿಸಿ ತೆಗೆದರು. ಉರುಳು ಕಟ್ಟಿದ್ದು ಅಪ್ಪನೇ ಎಂದು ಎಲ್ಲರೂ ತಿಳಿದಿದ್ದರು, ಅವನೂ ಹಾಗೇ ತಿಳಿದಿದ್ದ. ನಾನು ಅವನ ಮಂಚದ ಪಕ್ಕ ನಿಂತು ನಿಜ ಹೇಳಿಬಿಟ್ಟೆ. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತ್ತು.

ಅವನು ನನ್ನ ತಲೆಯ ಕ್ಲಿಪ್ಪನ್ನು ನೋಡಿದ.

"ನೀ ಹಿಡೀಲಿ ಅಂತನ ಬರ್ತಿದ್ನಿ," ಎಂದ. "ಎದುರಿಗೆ ಬಂದು ಕೈ ಹಿಡದಿದ್ರ ಸಾಕಿತ್ತು. ಹಂದಿ ಹಿಡದಂಗ ಹಿಡದಿ."